ಹಿತ್ತಲಿನ ಟೊಮೇಟೊವಿಗೆ ಬಂದ ಹುಳು

ಟೊಮೇಟೊ ಗಿಡದ ಎಲೆ ಬೆಳ್ಳಗಾದೊಡನೆ ಕೀಟನಾಶಕದ ಅಂಗಡಿಗೆ ಧಾವಿಸುವವರು ನಮ್ಮ ಟೇಕಲ್ಲಿನಲ್ಲಿಯೂ ಉಂಟು. ಮೊದಲು ಎಲೆಯನ್ನು ಬೆಳಕಿಗೆ ಹಿಡಿದು ನೋಡಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ. ಬಿಳಿಯ ಗೆರೆ ಸುತ್ತಿಸುತ್ತಿ ಹರಿದಿದ್ದರೆ ಅದು ರಂಗೋಲಿ ಹುಳು, ಕಾಯಿಯನ್ನು ಮುಟ್ಟದು. ಅಗಲವಾದ ಮಚ್ಚೆಯಾಗಿದ್ದು, ಕಾಯಿಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳೂ ಇದ್ದರೆ ಅದು ಟೂಟಾ ಎಂಬ ಪತಂಗದ ಮರಿ. ಟೊಮೇಟೊವಿನ ತವರಾದ ದಕ್ಷಿಣ ಅಮೆರಿಕವೇ ಇದಕ್ಕೂ ತವರು. 2006ರಲ್ಲಿ ಸ್ಪೇನನ್ನು ಹೊಕ್ಕು, 2014ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡಿತು.

ಈ ಹುಳು ಎಲೆಯ ಎರಡು ಪೊರೆಗಳ ನಡುವೆ ಅಡಗಿ ತಿನ್ನುವುದರಿಂದ ಮೇಲೆ ಸಿಂಪಡಿಸಿದ ವಿಷವು ಅದನ್ನು ಸುಲಭವಾಗಿ ಮುಟ್ಟದು. ಮಕ್ಕಳು ಕಿತ್ತು ತಿನ್ನುವ ಹಣ್ಣನ್ನಾದರೋ ತಪ್ಪದೆ ಮುಟ್ಟುವುದು. ಹತ್ತು ಗಿಡಗಳ ಹಿತ್ತಲಿಗೆ ಕೈಯೇ ಪರಮೌಷಧ. ಪ್ರತಿದಿನವೂ ಮಚ್ಚೆಯ ಎಲೆಗಳನ್ನೂ ತೂತುಬಿದ್ದ ಕಾಯಿಗಳನ್ನೂ ಬಿಡಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬಿಸಿಲಿನಲ್ಲಿಡಬೇಕು. ತಿಪ್ಪೆಗೆ ಎಸೆದರೆ ಅಲ್ಲಿಂದಲೇ ಪತಂಗವೆದ್ದು ಮರಳುವುದು. ಕೋಶಾವಸ್ಥೆಯನ್ನು ಇದು ಬಹುಮಟ್ಟಿಗೆ ಮಣ್ಣಿನಲ್ಲಿ ಕಳೆಯುವುದರಿಂದ, ಬೆಳೆ ಮುಗಿದೊಡನೆ ಪಾತಿಯನ್ನು ಅಗೆದು ಬಿಸಿಲಿಗೊಡ್ಡಬೇಕು. ಬದನೆ, ಆಲೂಗಡ್ಡೆಗಳೂ ಇದಕ್ಕೆ ಆಹಾರವೇ ಆದುದರಿಂದ, ಆ ಪಾತಿಯಲ್ಲಿ ಮುಂದಿನ ಬಾರಿ ಮೂಲಂಗಿಯನ್ನೋ ಕೊತ್ತಂಬರಿಯನ್ನೋ ಬಿತ್ತುವುದು ಲೇಸು.