ಮೆಣಸಿನಕಾಯಿಗೆ ಚೀಟಿ ಇದೆ, ನರ್ಸ್‌ಗೆ?

ಬ್ಯಾಡಗಿ ಮಾರುಕಟ್ಟೆಗೆ ಬರುವ ಮೆಣಸಿನಕಾಯಿಗೆ ಇ-ಟೆಂಡರ್ ಇದೆ, ತೂಕದ ಚೀಟಿ ಇದೆ, 2011ರಿಂದ ಜಿಐ ಟ್ಯಾಗೂ ಇದೆ. ಅದೇ ಪ್ರಾಂಗಣದ ಸುತ್ತ ಖಾರದ ಘಾಟಿಗೆ ಸೆರಗು ಮೂಗಿಗೆ ಕಟ್ಟಿಕೊಂಡು, ತೊಟ್ಟು ಬಿಡಿಸಿ ಮಗಳಿಗೆ ಜಿಎನ್ಎಂ ನರ್ಸಿಂಗ್ ಓದಿಸುವ ತಾಯಂದಿರಿದ್ದಾರೆ. ಆ ಮಗಳು ಸೌದಿಗೋ ಕುವೈತ್‌ಗೋ ಹೊರಟರೆ ತಾಯಿಯ ಕೈಯಲ್ಲಿ ಉಳಿಯುವುದು ಏಜೆಂಟನ ಮೊಬೈಲ್ ನಂಬರ್ ಒಂದೇ.

ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದವರು ಫಿಲಿಪೀನ್ಸ್‌ನವರು. ಅಮೆರಿಕದ ಆಳ್ವಿಕೆಯಲ್ಲಿ ಅಲ್ಲಿ ಇಂಗ್ಲಿಷ್ ಮಾಧ್ಯಮದ ನರ್ಸಿಂಗ್ ಶಾಲೆಗಳು ಹುಟ್ಟಿದವು. 1948ರ ವಿನಿಮಯ ಯೋಜನೆಯಲ್ಲಿ ತರಬೇತಿಗೆಂದು ಹೋದವರನ್ನು ಅಮೆರಿಕದ ಆಸ್ಪತ್ರೆಗಳು ಕಡಿಮೆ ಖರ್ಚಿನಲ್ಲಿ ದುಡಿಸಿಕೊಂಡವು. 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಅನೇಕರು ಅಲ್ಲೇ ಬೇರುಬಿಟ್ಟರು. 1974ರಲ್ಲಿ ಫಿಲಿಪೀನ್ಸ್‌ನ ಮಾರ್ಕೋಸ್ ಸರ್ಕಾರ ಜನರನ್ನು ಹೊರದೇಶಕ್ಕೆ ಕಳಿಸುವುದನ್ನೇ ನೀತಿ ಮಾಡಿಕೊಂಡಿತು. ಅದೆಲ್ಲ ಒಳ್ಳೆಯದಾಯಿತೆಂದು ನಾನು ಹೇಳಲಾರೆ. 2020ರಲ್ಲಿ ಕೋವಿಡ್ ಬಂದಾಗ ಅದೇ ದೇಶ ತನ್ನ ನರ್ಸ್‌ಗಳು ವಿಮಾನ ಹತ್ತದಂತೆ ತಡೆಯಬೇಕಾಯಿತು. ಆದರೂ ಒಂದು ಮಾತು ಮೆಚ್ಚಬೇಕು: ಹೋಗುವವರ ಕರಾರುಪತ್ರ ಅಲ್ಲಿ ಸರ್ಕಾರದ ಕಣ್ಣಿಗೆ ಬೀಳುತ್ತದೆ.

ನಮ್ಮ ನೆರೆಯ ಕೇರಳವೂ ಇದನ್ನು ಕಲಿತಿದೆ. ಅಲ್ಲಿನ ಎಷ್ಟೋ ಹುಡುಗಿಯರು ಓದಿದ್ದು ನಮ್ಮ ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲೇ. ಫೀಸು ನಾವು ಎಣಿಸಿಕೊಂಡೆವು, ದಾರಿ ಅವರು ಹುಡುಕಿಕೊಂಡರು! 2014ರಲ್ಲಿ ಇರಾಕ್‌ನ ತಿಕ್ರಿತ್‌ನಲ್ಲಿ ಸಂಘರ್ಷದ ನಡುವೆ ಸಿಕ್ಕಿಬಿದ್ದಿದ್ದ 46 ನರ್ಸ್‌ಗಳು ಕೊಚ್ಚಿಗೆ ಬಂದಿಳಿದದ್ದು ನೆನಪಿರಬಹುದು. ಮರುವರ್ಷವೇ, ನೇಮಕಾತಿಯ ಹೆಸರಿನಲ್ಲಿ ಲಕ್ಷಗಟ್ಟಲೆ ಸುಲಿಗೆ ಬಯಲಾದ ಮೇಲೆ, ಕೇಂದ್ರ ಸರ್ಕಾರ ಕೊಲ್ಲಿ ಸೇರಿದಂತೆ 18 ದೇಶಗಳಿಗೆ ನರ್ಸ್‌ಗಳ ನೇಮಕವನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಿತು. ಕೇರಳದಲ್ಲಿ ಅಂಥ ಸಂಸ್ಥೆಗಳಾದ ನೋರ್ಕಾ ರೂಟ್ಸ್, ಒಡೆಪೆಕ್ ಎಂದರೆ ಹಳ್ಳಿಯವರಿಗೂ ಗೊತ್ತು.

ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಇರುವುದು ಬೆಂಗಳೂರಿನಲ್ಲಿ. ರಾಣೆಬೆನ್ನೂರಿನಲ್ಲಿ ನರ್ಸಿಂಗ್ ಓದುವ ಹುಡುಗಿಯರನ್ನು ಕೇಳಿ ನೋಡಿ, ಆ ಹೆಸರು ಎಷ್ಟು ಜನರ ಬಾಯಿಂದ ಬರುತ್ತದೋ!

2022ರ ಮಾರ್ಚ್ 1ರಂದು ಉಕ್ರೇನ್‌ನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಯುದ್ಧಕ್ಕೆ ಬಲಿಯಾದಾಗ ಇಡೀ ಜಿಲ್ಲೆ ಟಿವಿ ಮುಂದೆ ಕೂತಿತ್ತು. ಅವನು ಓದಲು ಹೋದವನು, ನಮ್ಮ ನರ್ಸ್‌ಗಳು ದುಡಿಯಲು ಹೋಗುವವರು. ಯಾವ ತಾಲ್ಲೂಕಿನ ಯಾವ ಮಗಳು ಯಾವ ದೇಶದಲ್ಲಿದ್ದಾಳೆ ಎಂಬ ಪಟ್ಟಿಯನ್ನು ಆಮೇಲಾದರೂ ಯಾರಾದರೂ ಕೇಳಬೇಕಿತ್ತಲ್ಲ?

ಹೋಗಬೇಡಿ ಎನ್ನುವ ಹಕ್ಕು ನಮಗಿಲ್ಲ. ಊರಿನ ನರ್ಸಿಂಗ್ ಹೋಮುಗಳು ರಾತ್ರಿ ಪಾಳಿಗೆ ಕೊಡುವ ಸಂಬಳ ನೋಡಿದರೆ ಹೊರಡುವುದೇ ಸರಿ ಅನಿಸುತ್ತದೆ. ಹಾವೇರಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ವಾರಕ್ಕೊಮ್ಮೆಯಾದರೂ ಹೊರಡುವವರ ಕಾಗದಪತ್ರ ನೋಡಿ ಹೇಳುವವರೊಬ್ಬರು ಕೂರಲಿ. ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವೇನಲ್ಲ.

ಅಪ್ಪ-ಅವ್ವಂದಿರಿಗೆ ಒಂದು ಮಾತು. ಆ 18 ದೇಶಗಳಿಗಾದರೆ ಮೊದಲು ಸರ್ಕಾರಿ ಸಂಸ್ಥೆಯನ್ನೇ ಕೇಳಿ. ಬೇರೆ ದೇಶಕ್ಕಾದರೆ, ಕಾನೂನಿನ ಪ್ರಕಾರ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಹಣ ಕೊಡುವ ಮುಂಚೆ ಅವನ ಲೈಸೆನ್ಸ್ ನಂಬರನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿಸಿ, ರಸೀದಿ ಬರೆಸಿಕೊಳ್ಳಿ. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಕೆಲಸ ಎಂದರೆ ಮಗಳ ಪಾಸ್‌ಪೋರ್ಟ್ ವಾಪಸ್ ಇಸಿದುಕೊಂಡು ಮನೆಗೆ ಬನ್ನಿ.