ರಿಕ್ಷಾ ಬಾಡಿಗೆ ಗೊತ್ತಿದ್ದವರಿಗೆ ಈ ಸೂತ್ರವೂ ಗೊತ್ತು

ಕನ್ನಡ ಮಾಧ್ಯಮದಲ್ಲಿ ಹತ್ತನೇ ಮುಗಿಸಿ ಪ್ಲಸ್ ವನ್‌ಗೆ ಹೋದ ನಮ್ಮ ಮಕ್ಕಳಿಂದ ಮತ್ತೆ ಮತ್ತೆ ಕೇಳುವ ಮಾತು: "ಲೆಕ್ಕ ಬರ್ತಿತ್ತು, ಈಗ ಕ್ಲಾಸಲ್ಲಿ ಏನೂ ತಲೆಗೆ ಹೋಗ್ತಿಲ್ಲ." ತಲೆಗೆ ಹೋಗದೇ ಇರುವುದು ಲೆಕ್ಕವಾ, ಭಾಷೆಯಾ? ಒಂದೇ ಒಂದು ಸೂತ್ರ ಹಿಡಿದು ನೋಡೋಣ.

ಸರಳರೇಖೆಯ ಪಾಠದಲ್ಲಿ 'ಪಾಯಿಂಟ್ ಸ್ಲೋಪ್ ಫಾರ್ಮ್' ಬರ್ತದೆ. ಕನ್ನಡದಲ್ಲಿ ಬಿಂದು-ಇಳಿಜಾರು ರೂಪ. ಬೋರ್ಡಿನಲ್ಲಿ ಕಾಣುವುದು ಇಷ್ಟು: ವೈ − ವೈ₁ = ಎಂ (ಎಕ್ಸ್ − ಎಕ್ಸ್₁). ಬಾಯಿಪಾಠ ಮಾಡಿದರೆ ಪರೀಕ್ಷೆಯ ಮರುದಿನ ಮರೆತುಹೋಗ್ತದೆ.

ಈಗ ರಿಕ್ಷಾ ಹತ್ತೋಣ. 2022ರಲ್ಲಿ ಕೇರಳ ಸರಕಾರ ನಿಗದಿ ಮಾಡಿದ ದರದಲ್ಲಿ ಮೊದಲ 1.5 ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15. ನಮಗೆ ಗೊತ್ತಿರುವ ಬಿಂದು (1.5, 30). ಇಳಿಜಾರು 15, ಅಂದರೆ ದೂರ ಒಂದು ಹೆಚ್ಚಿದರೆ ಬಾಡಿಗೆ ಎಷ್ಟು ಏರ್ತದೆ ಅನ್ನುವುದು. ಹಾಗಾದರೆ:

ಬಾಡಿಗೆ − 30 = 15 × (ದೂರ − 1.5)

5.5 ಕಿಲೋಮೀಟರ್ ಹೋದರೆ? ಮಿನಿಮಮ್ ದಾಟಿದ್ದು 4 ಕಿಲೋಮೀಟರ್, ಅದಕ್ಕೆ 60, ಒಟ್ಟು 90. ಎಡಗಡೆ 'ಮಿನಿಮಮ್ ಮೇಲೆ ಎಷ್ಟು ಹಣ', ಬಲಗಡೆ 'ಮಿನಿಮಮ್ ದಾಟಿ ಎಷ್ಟು ದೂರ'. ಸೂತ್ರ ಅಷ್ಟೇ ಹೇಳುವುದು.

ಇದನ್ನೇ ಬಿಡಿಸಿ ಬಾಡಿಗೆ = 15 × ದೂರ + 7.5 ಅಂತಲೂ ಬರೆಯಬಹುದು. ಆದರೆ ಆ ಏಳೂವರೆ ರೂಪಾಯಿಯನ್ನು ಯಾವ ರಿಕ್ಷಾದವರೂ ಕೇಳುವುದಿಲ್ಲ! ನಮಗೆ ಗೊತ್ತಿರುವ ಜಾಗದಿಂದ ಹೊರಡುವುದಕ್ಕೆ ಬಿಂದು-ಇಳಿಜಾರು ರೂಪವೇ ಸಲೀಸು.

ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ ಸುರಂಗ ಕೊರೆದವರಿಗೂ ಈ ಲೆಕ್ಕ ಕೈಯಲ್ಲೇ ಇತ್ತು. ಬಾಯಿ ಎಲ್ಲಿ, ಒಳಗೆ ಹೋದಂತೆ ಎಷ್ಟು ಏರಬೇಕು, ಈ ಎರಡು ಸರಿಯಾದರೆ ನೀರು ಪಂಪ್ ಇಲ್ಲದೆ ತಾನಾಗಿ ಅಂಗಳಕ್ಕೆ ಹರಿದು ಬರ್ತದೆ. ಬಾಯಿಯೇ ಬಿಂದು, ಆ ಏರಿಕೆಯೇ ಇಳಿಜಾರು.

ಅಂದ ಮೇಲೆ ನಮ್ಮ ಮಕ್ಕಳು ದಡ್ಡರಲ್ಲ. ಗೊತ್ತಿರುವ ವಿಷಯವನ್ನು ಗೊತ್ತಿರುವ ಭಾಷೆಯಲ್ಲಿ ಯಾರೂ ಹೇಳಿಕೊಡಲಿಲ್ಲ, ಅಷ್ಟೇ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಲಭ್ಯ ಇರಬೇಕು ಅನ್ನುತ್ತದೆ. ಆದರೆ ಲೆಕ್ಕ ಬಿಗಿಯಾಗುವುದೇ ಆ ಹಂತ ದಾಟಿದ ಮೇಲೆ! ಕನ್ನಡ ಮಾಧ್ಯಮದ ಹೈಸ್ಕೂಲ್ ತರಗತಿಗೆ ಕನ್ನಡ ಬಲ್ಲ ಗಣಿತ ಶಿಕ್ಷಕರೇ ಬೇಕು ಅಂತ ನಾವು ಹಟ ಹಿಡಿಯುವುದು ಇದಕ್ಕೇ.

ಹಾಗಂತ ನೇಮಕಾತಿ ಆಗುವ ತನಕ ಕೈಕಟ್ಟಿ ಕೂರುವುದು ಬೇಡ. ಪ್ಲಸ್ ಟು, ಡಿಗ್ರಿ ಮುಗಿಸಿದ ಗೆಳೆಯರೇ, ಊರಿನ ವಾಚನಾಲಯದಲ್ಲಿ ವಾರಕ್ಕೆ ಒಂದು ಗಂಟೆ ಕೂತು ತಮ್ಮ-ತಂಗಿಯರಿಗೆ ಹೇಳಿಕೊಡಿ. ಅರ್ಥ ಕನ್ನಡದಲ್ಲಿ ಆಗಲಿ, 'ಸ್ಲೋಪ್' ಅನ್ನುವ ಪದವೂ ಜೊತೆಗೇ ಗೊತ್ತಿರಲಿ, ನಾಳೆ ಇಂಗ್ಲಿಷ್ ಪುಸ್ತಕ ಕಂಡರೆ ಹೆದರಬಾರದು.

ಮೊದಲ ಪ್ರಶ್ನೆ ಇದೇ ಇರಲಿ: ಮನೆಯಿಂದ ಶಾಲೆಗೆ ರಿಕ್ಷಾದಲ್ಲಿ ಎಷ್ಟಾಗ್ತದೆ? ಕೇಳುವ ಮೊದಲೇ ಲೆಕ್ಕ ಹಾಕಿ, ಆಮೇಲೆ ಮೀಟರ್ ನೋಡಿ.