ಹಿತ್ತಲಿನ ಎಲೆ, ಡಬ್ಬಿಯ ಗುಳಿಗೆ

ಕಳೆದ ಶ್ರಾವಣದಲ್ಲಿ ಕಲಬುರಗಿಯಿಂದ ಕಮಲಾಪುರದ ಬಂಧುಗಳ ಮನೆಗೆ ಹೋಗಿದ್ದೆ. ಪೂಜೆ, ಪ್ರಸಾದಗಳು ಮುಗಿದ ಮೇಲೆ ಆ ಮನೆಯ ದೊಡ್ಡವ್ವ ಹಿತ್ತಲಿನ ಬಳ್ಳಿಯಿಂದ ಎರಡು ಎಲೆ ಕಿತ್ತು ತಂದು, ಚೆನ್ನಾಗಿ ಅಗಿಯುವಂತೆ ಹೇಳಿದರು. ಆ ಬಳಿಕ ಒಂದು ಚೂರು ಬೆಲ್ಲ ಕೊಟ್ಟರು. ಬೆಲ್ಲ ಬಾಯಲ್ಲಿ ಮಣ್ಣಿನಂತಾಯಿತು! “ನೋಡಿದೇನು ತಮ್ಮಾ, ಬಾಯಾಗಿನ ಸಿಹಿನೇ ಕೊಲ್ತದ, ರಕ್ತದಾಗಿಂದು ಬಿಡ್ತದೇನು?” ಎಂದರು. ಎರಡು ತಿಂಗಳಿಂದ ಅವರು ಸಕ್ಕರೆ ಕಾಯಿಲೆಯ ಗುಳಿಗೆಯನ್ನೇ ನಿಲ್ಲಿಸಿದ್ದರೆಂಬುದು ಆಗ ತಿಳಿಯಿತು. ಬಲಗಾಲಿನ ಹೆಬ್ಬೆರಳಿನ ಮೇಲೊಂದು ಹುಣ್ಣು, ಮೂರು ವಾರವಾದರೂ ಮಾಯದೆ ಉಳಿದಿತ್ತು.

ಆ ಬಳ್ಳಿ ಮಧುನಾಶಿನಿ. ಹಿಂದಿಯವರು ಗುಡಮಾರ, ಅಂದರೆ ಬೆಲ್ಲವನ್ನು ಕೊಲ್ಲುವುದು, ಎನ್ನುತ್ತಾರೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಗೆಯ ಮೇಲೆ ಸಿಹಿಯನ್ನು ಗುರುತಿಸುವ ಭಾಗಗಳನ್ನು ಕೆಲಕಾಲ ಮುಚ್ಚಿಬಿಡುತ್ತವೆ. ಬೆಲ್ಲದೊಳಗಿನ ಸಕ್ಕರೆ ಮಾತ್ರ ಇದ್ದಂತೆಯೇ ಹೊಟ್ಟೆಗೆ ಇಳಿಯುತ್ತದೆ. ನಾಲಗೆಯ ಸಾಕ್ಷಿಯನ್ನು ರಕ್ತದ ಸಾಕ್ಷಿಯೆಂದು ನಂಬಿದ್ದೇ ದೊಡ್ಡವ್ವನವರ ತಪ್ಪು.

ಹಾಗೆಂದು ಈ ಎಲೆಯಲ್ಲಿ ಏನೂ ಇಲ್ಲವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. 1990ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸಂಶೋಧಕರು 22 ಮಂದಿ ಮಧುಮೇಹಿಗಳಿಗೆ ಇದರ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕೊಟ್ಟು ನೋಡಿದ ವರದಿಯನ್ನು ಪ್ರಕಟಿಸಿದರು. ಅವರ ರಕ್ತದ ಸಕ್ಕರೆ ಇಳಿಯಿತು. ಐವರು ಗುಳಿಗೆಯನ್ನೂ ಬಿಡುವಂತಾಯಿತು. ಆದರೆ ಓದುಗರು ಎರಡು ಮಾತನ್ನು ಗಮನಿಸಬೇಕು. ಸಾರವನ್ನು ಕೊಟ್ಟದ್ದು ಗುಳಿಗೆಯ ಜೊತೆಯಲ್ಲಿ, ಗುಳಿಗೆಯ ಬದಲಿಗಲ್ಲ. ಉಳಿದ ಹದಿನೇಳು ಮಂದಿಗೆ ಗುಳಿಗೆಯನ್ನು ಪೂರ್ತಿ ಬಿಡಲಾಗಲಿಲ್ಲ. ಇಪ್ಪತ್ತೆರಡು ಜನರ ಅನುಭವದಿಂದ ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಕಟ್ಟಲಾಗದು. ಲಿಂಗಪೂಜೆಗೆ ನಾವು ಏರಿಸುವ ಬಿಲ್ವಪತ್ರೆಯ ಸಾರವೂ ಪ್ರಯೋಗಾಲಯದ ಇಲಿಗಳಲ್ಲಿ ಸಕ್ಕರೆ ಇಳಿಸಿದೆ. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರದ್ದು.

ಹಿತ್ತಲಿನ ಎಲೆಗಿಂತ ನನಗೆ ಹೆಚ್ಚು ಭಯ ಡಬ್ಬಿಯ ಪುಡಿಯದು. ಬೇವು, ನುಗ್ಗೆ, ಇನ್ಸುಲಿನ್ ಗಿಡ ಎಲ್ಲವನ್ನೂ ಬೆರೆಸಿ ಮಾರುವ ಪುಡಿಯಲ್ಲಿ ಯಾವುದು ಎಷ್ಟಿದೆಯೆಂದು ಕೊಳ್ಳುವವರಿಗೆ ತಿಳಿಯದು. ಗಿಡಮೂಲಿಕೆಯೆಂದು ಮಾರಿದ ಮಧುಮೇಹದ ಔಷಧಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಅಲೋಪಥಿ ಔಷಧವನ್ನೇ ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಅಂಥ ಪುಡಿಯಿಂದ ಸಕ್ಕರೆ ಇಳಿದರೆ ಆಶ್ಚರ್ಯವೇನು?

ಗುಳಿಗೆಯೆಂದರೆ ಪರಕೀಯ, ಎಲೆಯೆಂದರೆ ನಮ್ಮದು ಎಂಬ ಭಾವನೆಯೂ ಪೂರ್ತಿ ಸರಿಯಲ್ಲ. ಇಂದು ಮನೆಮನೆಯಲ್ಲಿರುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲವೂ ಒಂದು ಗಿಡವೇ. ಯುರೋಪಿನ ಗೆಲೆಗಾ ಎಂಬ ಸಸ್ಯದಲ್ಲಿ ಸಕ್ಕರೆ ಇಳಿಸುವ ವಸ್ತುವಿತ್ತು. ಆದರೆ ಅದನ್ನು ಮೇಯ್ದ ಕುರಿಗಳು ಸಾಯುತ್ತಿದ್ದವು. ಅದೇ ಜಾತಿಯ, ಅಷ್ಟು ವಿಷವಿಲ್ಲದ ಮೆಟ್‌ಫಾರ್ಮಿನ್ 1922ರಲ್ಲಿ ತಯಾರಾಯಿತು. ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲವನ್ನು ಪ್ರಕಟಿಸಿದ್ದು 1957ರಲ್ಲಿ. ಎಲೆಯಿಂದ ಗುಳಿಗೆಯವರೆಗಿನ ದಾರಿಯಲ್ಲಿ ಪ್ರಮಾಣವನ್ನೂ ಅಪಾಯವನ್ನೂ ಅಳೆಯಬೇಕಾಗುತ್ತದೆ.

ಗುಳಿಗೆಯ ಜೊತೆ ಎಲೆ ಸೇವಿಸುವವರಿಗೂ ಒಂದು ಎಚ್ಚರಿಕೆ. ಕೆಲವು ಗುಳಿಗೆಗಳೂ ಇನ್ಸುಲಿನ್ನೂ ಎಲೆಯೊಡನೆ ಸೇರಿ ಸಕ್ಕರೆಯನ್ನು 70ಕ್ಕಿಂತ ಕೆಳಗೆ ತಳ್ಳಬಹುದು. ಶ್ರಾವಣ ಸೋಮವಾರದ ಉಪವಾಸದ ದಿನ ಈ ಅಪಾಯ ಹೆಚ್ಚು. ಬೆವರು, ನಡುಕ, ಕಣ್ಣು ಮಂಜಾಗುವುದು, ಮಾತು ತೊದಲುವುದು ಕಂಡರೆ, ಎಚ್ಚರವಿರುವವರಿಗೆ ಮೂರು ಚಮಚ ಸಕ್ಕರೆ ಕದಡಿದ ನೀರನ್ನು ತಕ್ಷಣ ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಎಲೆ ತಿನ್ನುವ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ಅವರು ಬೈದಾರೆಂಬ ಅಂಜಿಕೆಯಿಂದ ನಮ್ಮ ಹಿರಿಯರು ಮುಚ್ಚಿಡುವುದೇ ಹೆಚ್ಚು.

ಮರುದಿನವೇ ದೊಡ್ಡವ್ವನವರನ್ನು ಕಲಬುರಗಿಗೆ ಕರೆತಂದೆವು. ಖಾಲಿ ಹೊಟ್ಟೆಯ ಸಕ್ಕರೆ 268 ಇತ್ತು. ಗುಳಿಗೆ ಮತ್ತೆ ಆರಂಭವಾಯಿತು, ಹುಣ್ಣಿಗೆ ದಿನವೂ ಪಟ್ಟಿ ಕಟ್ಟಿಸಿದರು. ಮಾಯಲು ಏಳು ವಾರ ಹಿಡಿಯಿತು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ದೀಪಾವಳಿಯ ನಂತರ ಬಂದಾಗ, ಚೀಲದಲ್ಲಿ ನಮಗಾಗಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ತಂದಿದ್ದರು. ತಾವು ಅರ್ಧ ಹಣ್ಣನ್ನಷ್ಟೇ ತಿಂದು, ಉಳಿದರ್ಧವನ್ನು ಮೊಮ್ಮಗಳ ಕೈಗಿತ್ತರು.